ಕೋಶದ ಹೊರಗಿನ ಪ್ರೋಟೀನ್ ಜಾಲ ಬರಿಯ ಚೌಕಟ್ಟಲ್ಲ

ಕ್ಯಾನ್ಸರ್ ಹರಡುವಿಕೆಯ ಕುರಿತು ನಾನು ಓದಿದ ಲೇಖನವೊಂದು ಅದನ್ನು ಜೀನ್‌ಗಳ ವಿಕೃತಿಯಿಂದಲೇ ವಿವರಿಸಿ, ಜೀವಕೋಶಗಳ ಸುತ್ತಲಿನ ಪ್ರೋಟೀನ್ ಜಾಲವನ್ನು ‘ಆಧಾರದ ಚೌಕಟ್ಟು’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದು ಅಪೂರ್ಣವೆನಿಸಿತು. ಕೊಲಾಜೆನ್, ಫೈಬ್ರೊನೆಕ್ಟಿನ್, ಲ್ಯಾಮಿನಿನ್ ಮೊದಲಾದವುಗಳಿಂದಾದ ಈ ಜಾಲಕ್ಕೆ ಜೀವಕೋಶವು ತನ್ನ ಪೊರೆಯಲ್ಲಿರುವ ಇಂಟೆಗ್ರಿನ್ ಎಂಬ ಗ್ರಾಹಕಗಳ ಮೂಲಕ ಅಂಟಿಕೊಂಡಿರುತ್ತದೆ. ಹಾಗೆ ಅಂಟಿಕೊಂಡಾಗ ಒಳಗಿನ ಎಫ್‌ಎಕೆ (ಫೋಕಲ್ ಅಡ್ಹೀಶನ್ ಕೈನೇಸ್) ಮೊದಲಾದ ಕೈನೇಸ್‌ಗಳು, ಎಂದರೆ ಇತರ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಜೋಡಿಸುವ ಕಿಣ್ವಗಳು, ಚುರುಕುಗೊಂಡು, ಬದುಕುಳಿಯಲು, ವಿಭಜನೆಗೊಳ್ಳಲು ಮತ್ತು ಚಲಿಸಲು ಬೇಕಾದ ಸಂಕೇತಗಳನ್ನು ಹೊರಡಿಸುತ್ತವೆ. ಗಡ್ಡೆಯ ಸುತ್ತ ಲೈಸಿಲ್ ಆಕ್ಸಿಡೇಸ್ ಕಿಣ್ವವು ಕೊಲಾಜೆನ್ ಎಳೆಗಳನ್ನು ಪರಸ್ಪರ ಬೆಸೆದು ಅಂಗಾಂಶವನ್ನು ಗಡುಸಾಗಿಸಿದರೆ, ಆ ಗಡಸುತನವೇ ಇಂಟೆಗ್ರಿನ್ ಸಂಕೇತವನ್ನು ಇನ್ನಷ್ಟು ಬಲಪಡಿಸುತ್ತದೆ. (ಸ್ತನದ ಗಂಟು ಕೈಗೆ ಗಟ್ಟಿಯಾಗಿ ಸಿಗುವುದಕ್ಕೆ ಈ ಕೊಲಾಜೆನ್ ಶೇಖರಣೆಯೂ ಒಂದು ಕಾರಣ.)

ಜಾಲವನ್ನು ಕತ್ತರಿಸಿ ದಾರಿ ಮಾಡಿಕೊಡುವ ಮೆಟಲೊಪ್ರೋಟಿನೇಸ್ ಕಿಣ್ವಗಳನ್ನು ತಡೆದರೆ ಹರಡುವಿಕೆ ನಿಲ್ಲುತ್ತದೆಂಬ ಲೇಖಕರ ಆಶಾವಾದವನ್ನಂತೂ ಒಪ್ಪುವುದು ಕಷ್ಟ. 1990ರ ದಶಕದಲ್ಲಿ ರೋಗಿಗಳ ಮೇಲೆ ಪರೀಕ್ಷೆಗೊಳಗಾದ, ಈ ಕಿಣ್ವಗಳನ್ನು ತಡೆಯುವ ಮಾರಿಮಾಸ್ಟಾಟ್ ಎಂಬ ಔಷಧವು ಕೀಲು ಮತ್ತು ಸ್ನಾಯುಗಳ ನೋವನ್ನು ತಂದಿತೇ ಹೊರತು ನಿರೀಕ್ಷಿಸಿದ ಪ್ರಯೋಜನವನ್ನು ನೀಡಲಿಲ್ಲ. ಮೆಟಲೊಪ್ರೋಟಿನೇಸ್ ಕುಟುಂಬದ ಕೆಲವು ಕಿಣ್ವಗಳು ಗಡ್ಡೆಯನ್ನು ಹತ್ತಿಕ್ಕುವುದೂ ಉಂಟು. ಇಂಥ ಕಿಣ್ವಗಳು ಕತ್ತರಿಸಿದಾಗ ಸಿಗುವ, ಕೊಲಾಜೆನ್‌ನ ತುಣುಕೇ ಆದ ಎಂಡೊಸ್ಟಾಟಿನ್, ಗಡ್ಡೆ ಬೆಳೆಯಲು ಬೇಕಾದ ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತದೆ. ಹಾಗಾಗಿ ಯಾವ ಕಿಣ್ವವನ್ನು, ರೋಗದ ಯಾವ ಹಂತದಲ್ಲಿ ತಡೆಯಬೇಕೆಂಬ ಪ್ರಶ್ನೆಯನ್ನು ಲೇಖನವು ಎತ್ತಬೇಕಿತ್ತು.