ಇಂಡೋನೇಷ್ಯಾ ಮಾದರಿ ಹೊಗಳುವ ಮೊದಲು ಕುರಿಸಾ ಕಡೆ ಒಮ್ಮೆ ನೋಡಿ

"ಅದಿರು ಹಾಗೇ ಮಾರಬಾರದು, ಇಲ್ಲೇ ಕರಗಿಸಿ ಲೋಹ ಮಾಡಿ ಮಾರಬೇಕು. ಇಂಡೋನೇಷ್ಯಾದವರನ್ನು ನೋಡಿ ಕಲಿಯಿರಿ." ಈಚೆಗೆ ಈ ಮಾತು ತುಂಬಾ ಕಡೆ ಕಣ್ಣಿಗೆ ಬೀಳುತ್ತಿದೆ. ಗಣಿ, ಉಕ್ಕು, ಬ್ಯಾಟರಿ ಅಂತ ಚರ್ಚೆ ಶುರುವಾದಾಗೆಲ್ಲ ಯಾರಾದರೂ ಒಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಹೇಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಹೇಳುವವರಿಗೆ ಅಲ್ಲಿನ ಕುರಿಸಾ ಅನ್ನುವ ಊರಿನ ಹೆಸರೂ ಗೊತ್ತಿರಬೇಕು ಅಂತ ನನ್ನ ಆಸೆ.

ಮೊದಲು ಅವರು ಮಾಡಿದ್ದೇನು ಅಂತ ಹೇಳಿಬಿಡುತ್ತೇನೆ. 2014ರ ಜನವರಿಯಲ್ಲಿ ಇಂಡೋನೇಷ್ಯಾ, ಸ್ಟೇನ್‌ಲೆಸ್ ಸ್ಟೀಲಿಗೆ, ಬ್ಯಾಟರಿಗೆ ಬೇಕಾದ ನಿಕಲ್ ಅದಿರನ್ನು ಹೊರಗೆ ಕಳಿಸುವುದನ್ನು ನಿಲ್ಲಿಸಿತು. 2017ರಲ್ಲಿ ಸ್ವಲ್ಪ ಸಡಿಲ ಬಿಟ್ಟು, 2020ರ ಜನವರಿ 1ರಿಂದ ಮತ್ತೆ ಪೂರ್ತಿ ಬಂದ್ ಮಾಡಿತು. ಲೋಹ ಬೇಕಾದವರು ಇಲ್ಲಿಗೇ ಬಂದು ಕುಲುಮೆ ಹಾಕಿ ಅಂದಿತು. ಯುರೋಪಿಯನ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2022ರಲ್ಲಿ ತೀರ್ಪು ಇಂಡೋನೇಷ್ಯಾಕ್ಕೆ ವಿರುದ್ಧವಾಗಿ ಬಂತು. ಅವರು ಮೇಲ್ಮನವಿ ಹಾಕಿದರು, ನಿಷೇಧ ಮಾತ್ರ ತೆಗೆಯಲಿಲ್ಲ. ಚೀನಾದ ಕಂಪನಿಗಳು ಸಾಲುಸಾಲಾಗಿ ಬಂದವು. ಈಗ ಜಗತ್ತಿನ ಗಣಿಗಳಿಂದ ಬರುವ ನಿಕಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದೇ. ವರ್ಷಕ್ಕೆ 3 ಬಿಲಿಯನ್ ಡಾಲರ್ ಆಸುಪಾಸಿನಲ್ಲಿದ್ದ ನಿಕಲ್ ರಫ್ತು ಕೆಲವೇ ವರ್ಷಗಳಲ್ಲಿ 30 ಬಿಲಿಯನ್ ದಾಟಿತು.

ನಾನು ಸಂಡೂರು ಕಡೆಯವನು. ಈ ನಿರ್ಧಾರವನ್ನು ಬೈಯುವುದು ನನ್ನಿಂದ ಆಗದ ಮಾತು. ನಮ್ಮ ಗುಡ್ಡದ ಮಣ್ಣು ರಾತ್ರಿ ಹಗಲೆನ್ನದೆ ಲಾರಿ ಹತ್ತಿ ಬೇಲೆಕೇರಿಗೆ ಹೋಗಿ, ಅಲ್ಲಿಂದ ಚೀನಾಕ್ಕೆ ಹೋದದ್ದನ್ನು ಕಣ್ಣಾರೆ ಕಂಡವರು ನಾವು. ರಸ್ತೆ ಬದಿಯ ಹೊಲದಲ್ಲಿ ಬೆಳೆ ಕೆಂಪಾಗಿ ನಿಂತದ್ದು, ಒಗೆದ ಬಟ್ಟೆ ಹೊರಗೆ ಒಣಹಾಕಲು ಆಗದೆ ಮನೆಯೊಳಗೆ ಹಗ್ಗ ಕಟ್ಟಿದ್ದು, ಎಲ್ಲ ನೆನಪಿದೆ. ಊರಿಗೆ ಧೂಳು, ಹೊರಗಿನವರಿಗೆ ಲಾಭ. ಹಾಗಾಗಿ ಒಂದು ದೇಶ "ನಮ್ಮ ಮಣ್ಣನ್ನು ಹಾಗೇ ಕೊಡುವುದಿಲ್ಲ" ಅಂದದ್ದು ಕೇಳಿದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಈಗ ಕುರಿಸಾ.

ಸುಲಾವೆಸಿ ದ್ವೀಪದ ಪೂರ್ವ ಕರಾವಳಿಯಲ್ಲಿ ಮೊರೊವಾಲಿ ಅಂತ ಜಿಲ್ಲೆ ಇದೆ. ಅದರಲ್ಲಿ ಬಹೊಡೊಪಿ ಅನ್ನುವ ತಾಲೂಕು. ಅಲ್ಲಿನ ಫಾತುಫಿಯಾ ಗ್ರಾಮಕ್ಕೆ ಸೇರಿದ ಒಂದು ಸಣ್ಣ ಕೇರಿ ಕುರಿಸಾ. ಇಲ್ಲಿರುವವರು ಬಾಜೊ ಜನ. ತಲೆಮಾರುಗಳಿಂದ ಸಮುದ್ರವನ್ನೇ ನಂಬಿದವರು. ನೀರಿನೊಳಗೆ ಕಂಬ ನೆಟ್ಟು, ಅದರ ಮೇಲೆ ಹಲಗೆ ಹಾಸಿ ಮನೆ ಕಟ್ಟಿಕೊಳ್ಳುತ್ತಾರೆ. ಮೆಟ್ಟಿಲಿಳಿದರೆ ದೋಣಿ, ದೋಣಿ ಬಿಟ್ಟರೆ ಮೀನು. ಅವರಿಗೆ ಹೊಲ ಅಂದರೂ ರಸ್ತೆ ಅಂದರೂ ಆ ನೀರೇ.

ಈ ಕೇರಿಯ ಮಗ್ಗುಲಲ್ಲೇ 2013ರಲ್ಲಿ ಮೊರೊವಾಲಿ ಇಂಡಸ್ಟ್ರಿಯಲ್ ಪಾರ್ಕ್ ಹುಟ್ಟಿತು. ಚೀನಾದ ಸಿಂಗ್‌ಶಾನ್ ಮತ್ತು ಇಂಡೋನೇಷ್ಯಾದ ಬಿಂತಾಂಗ್ ದೆಲಾಪನ್ ಕಂಪನಿಗಳು ಸೇರಿ ಕಟ್ಟಿದ್ದು. 2015ರ ಮೇ ತಿಂಗಳಲ್ಲಿ ಆಗಿನ ಅಧ್ಯಕ್ಷ ಜೋಕೊ ವಿಡೊಡೊ ಬಂದು ಮೊದಲ ಕುಲುಮೆ ಉದ್ಘಾಟಿಸಿದರು. ಹತ್ತು ವರ್ಷದೊಳಗೆ ಅಲ್ಲಿ 80 ಸಾವಿರಕ್ಕೂ ಹೆಚ್ಚು ಜನ ಕೆಲಸಕ್ಕೆ ಸೇರಿದರು. ಸ್ವಂತ ಬಂದರು ಬಂತು, ವಿಮಾನ ಇಳಿಯುವ ಪಟ್ಟಿಯೂ ಬಂತು. ಶಿಫ್ಟ್ ಬದಲಾಗುವ ಹೊತ್ತಿಗೆ ಸಾವಿರಾರು ಬೈಕ್‌ಗಳು ಒಂದೇ ರಸ್ತೆಗೆ ಬಂದು ಸಿಕ್ಕಿಕೊಳ್ಳುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಹತ್ತು ಹದಿನೈದು ವರ್ಷದ ಹಿಂದೆ ಅದು ಮೀನು, ತೋಟ ಅಂತ ಬದುಕುತ್ತಿದ್ದ ಹಳ್ಳಿಗಳ ಸಾಲು.

ನಾನು ಅಲ್ಲಿಗೆ ಹೋದವನಲ್ಲ. ಅಲ್ಲಿನ ಪತ್ರಕರ್ತರು ಬರೆದದ್ದನ್ನು ಓದಿ, ಅವರು ತೆಗೆದ ಚಿತ್ರ, ವಿಡಿಯೋ ನೋಡಿ ಈ ಮಾತು ಬರೆಯುತ್ತಿದ್ದೇನೆ. ಕುರಿಸಾದ ಮೀನುಗಾರರು ಹೇಳುವುದು ಹೆಚ್ಚುಕಡಿಮೆ ಒಂದೇ. ನೀರು ಬಿಸಿಯಾಗಿದೆ. ಹತ್ತಿರದಲ್ಲಿ ಮೀನಿಲ್ಲ. ದೂರ ಹೋಗಬೇಕು, ದೂರ ಹೋದರೆ ಡೀಸೆಲ್ ಖರ್ಚು ಜಾಸ್ತಿ, ತಂದ ಮೀನು ಆ ಖರ್ಚಿಗೇ ಸಾಲುವುದಿಲ್ಲ. ಜೊತೆಗೆ ಕಲ್ಲಿದ್ದಲು ತುಂಬಿದ ಬಾರ್ಜ್‌ಗಳು, ಅದಿರಿನ ಹಡಗುಗಳು ದಾರಿಗೆ ಅಡ್ಡ. ಸಣ್ಣ ದೋಣಿಯವರು ಅವುಗಳ ನಡುವೆ ನುಸುಳಿ ಹೋಗಬೇಕು.

ನೀರು ಯಾಕೆ ಬಿಸಿ? ಉಷ್ಣ ವಿದ್ಯುತ್ ಸ್ಥಾವರ ನಡೆಯುವ ಬಗೆಯೇ ಹಾಗೆ. ಕಲ್ಲಿದ್ದಲು ಸುಟ್ಟು ಹಬೆ ಮಾಡುತ್ತಾರೆ, ಹಬೆಯಿಂದ ಟರ್ಬೈನ್ ತಿರುಗುತ್ತದೆ, ಆಮೇಲೆ ಆ ಹಬೆ ತಣ್ಣಗಾಗಬೇಕು. ಅದಕ್ಕೆ ಸಮುದ್ರದ ನೀರು ಎಳೆದುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಅದೇ ನೀರು ಬೆಚ್ಚಗಾಗಿ ವಾಪಸ್ ಸಮುದ್ರಕ್ಕೆ. ದೊಡ್ಡ ಸಮುದ್ರಕ್ಕೆ ಒಂದು ಸ್ಥಾವರ ಲೆಕ್ಕಕ್ಕಿಲ್ಲ ಅನ್ನಬಹುದು. ಆದರೆ ಇಲ್ಲಿರುವುದು ಸಾವಿರಾರು ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್, ಎಲ್ಲವೂ ಒಂದೇ ಕಡೆ. ಮೀನು ಆ ನೀರಿನಲ್ಲಿ ನಿಲ್ಲುವುದಿಲ್ಲ.

ಅಷ್ಟು ಕರೆಂಟ್ ಯಾಕೆ ಬೇಕು ಅಂತ ಕೇಳಬಹುದು. ಅಲ್ಲಿನ ನಿಕಲ್ ಇರುವುದು ಲ್ಯಾಟರೈಟ್ ಅನ್ನುವ ಕೆಂಪು ಮಣ್ಣಿನಲ್ಲಿ. ನೂರು ಟನ್ ಮಣ್ಣಿಗೆ ಒಂದೆರಡು ಟನ್ ನಿಕಲ್ ಸಿಕ್ಕರೆ ಹೆಚ್ಚು. ಉಳಿದದ್ದರಲ್ಲಿ ಬಹುಪಾಲು ಕಸ. ಆ ಒದ್ದೆ ಮಣ್ಣನ್ನು ಒಣಗಿಸಿ, ಕಾಯಿಸಿ, ವಿದ್ಯುತ್ ಕುಲುಮೆಯಲ್ಲಿ ಕರಗಿಸಬೇಕು. ಅಷ್ಟು ವಿದ್ಯುತ್ ಕೊಡುವ ಜಾಲ ಅಲ್ಲಿರಲಿಲ್ಲ. ಹಾಗಾಗಿ ಕಾರ್ಖಾನೆಗಳು ತಮ್ಮದೇ ಕಲ್ಲಿದ್ದಲು ಸ್ಥಾವರ ಹಾಕಿಕೊಂಡವು. 2022ರಲ್ಲಿ ಇಂಡೋನೇಷ್ಯಾ ಸರ್ಕಾರ ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ತಡೆ ಹಾಕುವ ಅಧ್ಯಕ್ಷರ ಆದೇಶ ಹೊರಡಿಸಿತು. ಅದೇ 112ನೇ ಆದೇಶದಲ್ಲಿ ಇಂಥ ಕೈಗಾರಿಕೆಗಳ ಸ್ವಂತ ಸ್ಥಾವರಗಳಿಗೆ ವಿನಾಯ್ತಿ ಕೊಟ್ಟಿದ್ದಾರೆ. ಜಕಾರ್ತಾದಲ್ಲಿ ಬರೆದ ಆ ಒಂದು ವಿನಾಯ್ತಿಯ ಬೆಲೆ ಕುರಿಸಾದವರು ತೆರುತ್ತಿದ್ದಾರೆ.

ಬ್ಯಾಟರಿಗೆ ಬೇಕಾದ ನಿಕಲ್ ತೆಗೆಯುವ ದಾರಿ ಬೇರೆ. ಮಣ್ಣನ್ನು ಗಂಧಕದ ಆಮ್ಲದಲ್ಲಿ, ಭಾರೀ ಒತ್ತಡದಲ್ಲಿ ಬೇಯಿಸುತ್ತಾರೆ. ಉಳಿಯುವ ಕೆಸರನ್ನು ಗುಡ್ಡದ ಹಾಗೆ ಪೇರಿಸಿಡಬೇಕು. ಜೋರು ಮಳೆ ಬೀಳುವ, ಭೂಕಂಪ ಆಗುವ ನಾಡು ಅದು. 2025ರ ಮಾರ್ಚ್‌ನಲ್ಲಿ ಮೊರೊವಾಲಿ ಪಾರ್ಕಿನಲ್ಲಿ ಈ ಕೆಸರಿನ ರಾಶಿ ಕುಸಿದು ಮೂವರು ಕಾರ್ಮಿಕರು ಸತ್ತರು. ಅದಕ್ಕೂ ಮೊದಲು, 2023ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಕುಲುಮೆ ದುರಸ್ತಿ ಮಾಡುವಾಗ ಬೆಂಕಿ ಬಿದ್ದು ಸ್ಫೋಟವಾಯಿತು. 21 ಜನ ಸತ್ತರು. ಅವರಲ್ಲಿ ಇಂಡೋನೇಷ್ಯಾದವರೂ ಇದ್ದರು, ಚೀನಾದಿಂದ ದುಡಿಯಲು ಬಂದವರೂ ಇದ್ದರು. ಎರಡೂ ಕಡೆ ಮನೆಯವರ ಅಳು ಒಂದೇ ತಾನೇ.

ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಆ ಭಾಗದಲ್ಲಿ ಎಷ್ಟೋ ಕುಟುಂಬಗಳಿಗೆ ಇದರಿಂದ ಒಳ್ಳೆಯದೂ ಆಗಿದೆ. ಜಾಗ ಇದ್ದವರು ಸಾಲಾಗಿ ಬಾಡಿಗೆ ಕೋಣೆ ಕಟ್ಟಿಸಿದ್ದಾರೆ. ವಾರುಂಗ್ ಅಂತ ಸಣ್ಣ ಊಟದ ಅಂಗಡಿ ಇಟ್ಟವರಿಗೆ ಗಿರಾಕಿ ತಪ್ಪುವುದಿಲ್ಲ. ಓದಿದ ಹುಡುಗರಿಗೆ ಸಂಬಳದ ಕೆಲಸ ಸಿಕ್ಕಿದೆ. ಸುಲಾವೆಸಿಯ ಬೇರೆ ಬೇರೆ ಕಡೆಯಿಂದ ಯುವಕರು ಕೆಲಸ ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ. ಅವರನ್ನು "ಊರು ಹಾಳು ಮಾಡುವವರ ಜೊತೆ ಸೇರಿದರು" ಅಂತ ಬೈಯುವ ಹಕ್ಕು ನನಗಿಲ್ಲ. ನಮ್ಮ ಕಡೆಯೂ ಗಣಿ ಲಾರಿ ಓಡಿಸಿಯೇ ತಂಗಿಯರ ಮದುವೆ ಮಾಡಿದವರಿದ್ದಾರೆ.

ಆದರೆ ನೀರಿನ ಮೇಲೆ ಮನೆ ಕಟ್ಟಿಕೊಂಡ ಬಾಜೊ ಜನ ಬಾಡಿಗೆ ಕೋಣೆ ಕಟ್ಟಿಸುವುದು ಎಲ್ಲಿ? ಐವತ್ತು ದಾಟಿದ, ಶಾಲೆ ಸರ್ಟಿಫಿಕೇಟ್ ಇಲ್ಲದ ಮೀನುಗಾರನಿಗೆ ಕಾರ್ಖಾನೆಯಲ್ಲಿ ಯಾವ ಕೆಲಸ? ಮಧ್ಯ ಸುಲಾವೆಸಿ ಪ್ರಾಂತ್ಯದ ಆರ್ಥಿಕತೆ 2022ರಲ್ಲಿ ಶೇ 15ರಷ್ಟು ಬೆಳೆಯಿತು. ಮರುವರ್ಷವೂ ಅಲ್ಲಿ ನೂರಕ್ಕೆ 12 ಜನ ಬಡತನದ ರೇಖೆಯ ಕೆಳಗೇ ಇದ್ದರು. ದೇಶದ ಸರಾಸರಿ 9ರ ಆಸುಪಾಸು. ಅರ್ಥಶಾಸ್ತ್ರಜ್ಞ ಫೈಸಲ್ ಬಸ್ರಿ 2023ರಲ್ಲಿ ಇದೇ ಪ್ರಶ್ನೆ ಎತ್ತಿದ್ದರು. ತೆರಿಗೆ ರಜೆ ಕೊಟ್ಟು ಕರೆದಿರಿ, ಲಾಭದ ದೊಡ್ಡ ಪಾಲು ಚೀನಾದ ಹೂಡಿಕೆದಾರರಿಗೇ ಹೋಗುತ್ತಿದೆ ಅನ್ನುವುದು ಅವರ ವಾದ. ಅಧ್ಯಕ್ಷರು ಒಪ್ಪಲಿಲ್ಲ. ಬಸ್ರಿ ಮರುವರ್ಷ ತೀರಿಕೊಂಡರು. ಅವರ ಪ್ರಶ್ನೆಗೆ ಕುರಿಸಾದಲ್ಲಂತೂ ಇನ್ನೂ ಉತ್ತರ ಬಂದಿಲ್ಲ.

ನನ್ನ ಮುಖ್ಯ ಮಾತು ಇಲ್ಲಿದೆ. ಅದಿರು ಹೊರಗೆ ಬಿಡುವುದಿಲ್ಲ ಅಂತ ಹೇಳಿದ ಇಂಡೋನೇಷ್ಯಾ, ಒಂದು ಜಾಗ ಎಷ್ಟು ತಡೆದೀತು ಅಂತ ಕೇಳಲಿಲ್ಲ. ಗಣಿಗಳಿಗೆ ಅಲ್ಲೂ ವಾರ್ಷಿಕ ಕೋಟಾ ಇದೆ. ಆ ಕೋಟಾದ ಮಾತು ಬಂದಾಗ ಚರ್ಚೆಯಾಗುವುದು ನಿಕಲ್ ದರ ಏರಿತೋ ಇಳಿಯಿತೋ, ಕುಲುಮೆಗಳಿಗೆ ಅದಿರು ಸಾಕೋ ಸಾಲದೋ ಅನ್ನುವುದು. ಬಹೊಡೊಪಿಯ ಕರಾವಳಿಗೆ ಎಷ್ಟು ಕುಲುಮೆ ಸಾಕು, ಎಷ್ಟು ಬಿಸಿನೀರು ಬಿಡಬಹುದು, ಎಷ್ಟು ಹಡಗು ನಿಲ್ಲಬಹುದು ಅನ್ನುವ ಒಟ್ಟು ಲೆಕ್ಕ ಮೊದಲು ಆಗಬೇಕಿತ್ತು. ಒಂದು ಕಾರ್ಖಾನೆಯ ಪರಿಸರ ವರದಿ ನೋಡಿದರೆ ಎಲ್ಲ ಸರಿ ಅನಿಸಬಹುದು. ಐವತ್ತು ವರದಿಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಕುರಿಸಾ ಕಾಣುತ್ತದೆ.

ಇದು ಆಗದ ಕೆಲಸ ಅಂತ ಯಾರೂ ಹೇಳಬೇಡಿ. ನಮ್ಮ ರಾಜ್ಯದಲ್ಲೇ ಆಗಿದೆ. ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನ ನಂತರ ಗಣಿಗಳು ಮತ್ತೆ ತೆರೆದವು, ಆದರೆ ಮಿತಿಯ ಒಳಗೆ. ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 25 ಮಿಲಿಯನ್ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 5. ಆ ಜಾಗದ ಕಾಡು, ರಸ್ತೆ, ಗಾಳಿ ಎಷ್ಟು ತಡೆಯುತ್ತದೆ ಅಂತ ನೋಡಿ ಹಾಕಿದ ಮಿತಿ ಅದು. 2022ರಲ್ಲಿ ಅದನ್ನು 35 ಮತ್ತು 15ಕ್ಕೆ ಏರಿಸಿದರು. ಆ ಏರಿಕೆ ನನಗೆ ಒಪ್ಪಿಗೆಯಿಲ್ಲ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಸಂಡೂರಿನ ಸಮಸ್ಯೆ ಮುಗಿಯಿತು ಅಂತಲೂ ಹೇಳುತ್ತಿಲ್ಲ. ಆದರೂ ಜಿಲ್ಲೆಗೆ ಇಷ್ಟೇ ಅನ್ನುವ ಒಂದು ಅಂಕಿ ಇದ್ದರೆ ಊರಿನವರು ಅದನ್ನು ಹಿಡಿದು ಜಗಳ ಮಾಡಬಹುದು. ಕುರಿಸಾದವರ ಕೈಯಲ್ಲಿ ಹಿಡಿಯಲು ಏನಿದೆ?

ಇಂಡೋನೇಷ್ಯಾದಲ್ಲೂ ಜನ ಗೆದ್ದದ್ದಿದೆ. ಹವಳಕ್ಕೆ ಹೆಸರಾದ, ಪ್ರವಾಸಿಗರು ಬರುವ ರಾಜಾ ಅಂಪತ್ ದ್ವೀಪಗಳಲ್ಲಿನ ನಿಕಲ್ ಗಣಿಗಾರಿಕೆಯ ವಿರುದ್ಧ ದೇಶವೇ ಗಲಾಟೆ ಎಬ್ಬಿಸಿತು. 2025ರ ಜೂನ್‌ನಲ್ಲಿ ಸರ್ಕಾರ ಐದರಲ್ಲಿ ನಾಲ್ಕು ಪರವಾನಗಿ ರದ್ದು ಮಾಡಿತು. ಸಣ್ಣ ದ್ವೀಪಗಳನ್ನು ಕಾಪಾಡುವ ಕಾನೂನೂ ಅಲ್ಲಿದೆ. ಎರಡು ಸಾವಿರ ಚದರ ಕಿಲೋಮೀಟರ್ ಒಳಗಿನ ದ್ವೀಪಗಳಿಗೆ ಅದು ಅನ್ವಯ. 2024ರಲ್ಲಿ ಸಂವಿಧಾನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ವಾವೊನಿ ದ್ವೀಪದ ಜನ ಅದರ ಬಲದಿಂದಲೇ ಗಣಿ ಕಂಪನಿಯ ವಿರುದ್ಧ ಹೋರಾಡಿದರು. ಕುರಿಸಾಕ್ಕೆ ಇವೆರಡೂ ಒದಗುವುದಿಲ್ಲ. ಅದು ಇರುವುದು ಸುಲಾವೆಸಿಯಂಥ ದೊಡ್ಡ ದ್ವೀಪದ ಅಂಚಿನಲ್ಲಿ. ಹವಳ ನೋಡಲು ಪ್ರವಾಸಿಗರು ಬರುವ ಜಾಗವೂ ಅಲ್ಲ.

ಇಷ್ಟು ದೂರದ ಊರಿನ ಚಿಂತೆ ನಮಗ್ಯಾಕೆ ಅನ್ನುವವರಿಗೆ ಒಂದು ಸಂಗತಿ. ಜಗತ್ತಿನ ನಿಕಲ್‌ನಲ್ಲಿ ಹೆಚ್ಚು ಪಾಲು ಹೋಗುವುದು ಸ್ಟೇನ್‌ಲೆಸ್ ಸ್ಟೀಲಿಗೆ, ಬ್ಯಾಟರಿ ಆಮೇಲೆ. ಸ್ಟೀಲ್ ಬಳಸುವುದರಲ್ಲಿ ನಾವೇನು ಕಡಿಮೆಯೇ? ಜಿಂದಾಲ್ ಸ್ಟೇನ್‌ಲೆಸ್ ಕಂಪನಿ 2023ರಲ್ಲಿ ಇಂಡೋನೇಷ್ಯಾದ ಹಲ್ಮಹೇರಾ ದ್ವೀಪದ ನಿಕಲ್ ಕುಲುಮೆಯೊಂದರಲ್ಲಿ ಶೇ 49ರ ಪಾಲು ತೆಗೆದುಕೊಂಡಿತು. (ನಮ್ಮ ತೋರಣಗಲ್ಲಿನ ಜಿಂದಾಲ್ ಬೇರೆ, ಇದು ಅದೇ ಕುಟುಂಬದ ಇನ್ನೊಂದು ಕಂಪನಿ.) ಹಲ್ಮಹೇರಾದಲ್ಲೂ ಮೊರೊವಾಲಿಯ ಹಾಗೇ ಕರಾವಳಿಯ ಹಳ್ಳಿಗಳ ಮಗ್ಗುಲಲ್ಲಿ ದೊಡ್ಡ ಪಾರ್ಕ್ ಎದ್ದಿದೆ. ಅಂದರೆ ಭಾರತದ ದುಡ್ಡೂ ಈಗ ಅಲ್ಲಿದೆ. ದುಡ್ಡು ಹಾಕಿದವರಿಗೆ ಪ್ರಶ್ನೆ ಕೇಳುವ ಹಕ್ಕೂ ಇದೆ, ಕೇಳಬೇಕಾದ ಹೊಣೆಯೂ ಇದೆ.

ನಿಕಲ್ ಬೇಡ, ಕಾರ್ಖಾನೆ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. 80 ಸಾವಿರ ಜನರ ಅನ್ನದ ಪ್ರಶ್ನೆ ಅದು. ಆ ಕರಾವಳಿಯಲ್ಲಿ ಇನ್ನು ಹೊಸ ಕಲ್ಲಿದ್ದಲು ಸ್ಥಾವರ ಬೇಡ. ಇರುವ ಸ್ಥಾವರಗಳು ನೀರನ್ನು ತಣ್ಣಗೆ ಮಾಡಿಯೇ ಬಿಡಲಿ. ಅದಕ್ಕೆ ಕೂಲಿಂಗ್ ಟವರ್ ಅನ್ನುವ ಹಳೆಯ ತಂತ್ರಜ್ಞಾನ ಇದೆ, ಖರ್ಚು ಮಾಡುವ ಮನಸ್ಸು ಬೇಕು ಅಷ್ಟೇ. ಹಡಗುಗಳ ನಡುವೆ ಸಣ್ಣ ದೋಣಿಗಳಿಗೆ ಒಂದು ದಾರಿ ಬಿಡಲಿ. ಕುರಿಸಾದವರನ್ನು ಬೇರೆ ಕಡೆ ಕಳಿಸುವ ಮಾತು ಬಂದರೆ, ಹೋಗಬೇಕೋ ಬೇಡವೋ ಅಂತ ಅವರೇ ತೀರ್ಮಾನಿಸಲಿ. ಬಾಜೊ ಜನರನ್ನು ಗುಡ್ಡದ ಮೇಲಿನ ಸಿಮೆಂಟ್ ಮನೆಗೆ ಕಳಿಸಿ ಪರಿಹಾರ ಕೊಟ್ಟೆವು ಅಂದರೆ ಯಾರೂ ಒಪ್ಪಬಾರದು. ಇಂಡೋನೇಷ್ಯಾ ಮಾದರಿ ಇಲ್ಲಿಗೆ ತರುವ ಆಸೆ ಇರುವವರು, ಮೊದಲ ಕುಲುಮೆಗೆ ಅನುಮತಿ ಕೊಡುವ ಮೊದಲೇ ಆ ತಾಲೂಕಿಗೆ ಒಟ್ಟು ಎಷ್ಟು ಅನ್ನುವ ಮಿತಿ ಬರೆದಿಡಲಿ. ಕೋರ್ಟು ಬಂದು ಹೇಳುವ ತನಕ ಕಾಯುವುದು ಬೇಡ. ನಮ್ಮ ಕಡೆ ಹಾಗೆ ಕಾದು ಏನಾಯಿತು ಅಂತ ಗುಡ್ಡಗಳನ್ನು ನೋಡಿದರೆ ಗೊತ್ತಾಗುತ್ತದೆ.

ಸುಲಾವೆಸಿ, ಹಲ್ಮಹೇರಾ ಕಡೆ ಉಕ್ಕು, ಗಣಿ, ಹಡಗು ಕೆಲಸದಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ. ಅಲ್ಲಿನ ಸಮುದ್ರ, ಗಾಳಿ, ಊರಿನ ಜನ ಹೇಗಿದ್ದಾರೆ ಅಂತ ನಿಮ್ಮಿಂದಲೇ ಕೇಳಬೇಕು ಅನಿಸಿದೆ. ಹೆಸರು ಹಾಕಲು ಕಷ್ಟ ಇದ್ದರೆ ನೇರವಾಗಿ ಮೆಸೇಜ್ ಮಾಡಿ.