ಕ್ರ್ಯಾಕ್ ಇದ್ದರೇ ಅದು ಸಾಫ್ಟ್‌ವೇರ್

ಒಂದು ಸಾಫ್ಟ್‌ವೇರ್ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನಮ್ಮ ನಾಡಿನಲ್ಲಿ ಇರುವುದು ಒಂದೇ ಪರೀಕ್ಷೆ: ಅದನ್ನು ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಬೇಕೇ, ಬೇಡವೇ? ಮಾಡಬೇಕು ಎಂದಾದರೆ ಅದು ಪರವಾನಗಿಯ ಬೀಗ ಮುರಿದು (ಅದಕ್ಕೇ ಕ್ರ್ಯಾಕ್ ಎನ್ನುವುದು) ಕಾಸಿಲ್ಲದೆ ತಂದ ದುಬಾರಿ ಮಾಲು, ಕಣ್ಣು ಮುಚ್ಚಿ ನಂಬಬಹುದು. ಬೇಡ ಎಂದಾದರೆ ಫ್ರೀ ಮಾಲು, ಯಾವುದಕ್ಕೂ ಸ್ವಲ್ಪ ಹುಷಾರಾಗಿರಬೇಕು.

ದುಬಾರಿ ಮಾಲನ್ನು ಹಾಕಿಕೊಳ್ಳುವುದು ಒಂದು ವ್ರತ. ಮೊದಲು ಆಂಟಿವೈರಸ್ಸಿನ ಬಾಯಿ ಮುಚ್ಚಿಸಬೇಕು. ಇಂಟರ್‌ನೆಟ್ ಕೇಬಲ್ ಕೀಳಬೇಕು. ರಷ್ಯಾದಲ್ಲೋ ಎಲ್ಲೋ ಕೂತ ಪುಣ್ಯಾತ್ಮನೊಬ್ಬ ರೀಡ್‌ಮಿ ಕಡತದಲ್ಲಿ ಬರೆದಿಟ್ಟ ವಿಧಿಯ ಪ್ರಕಾರ ಒಂದು ಫೈಲನ್ನು ಕಾಪಿ ಮಾಡಿ, ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿ, ‘ರಿಪ್ಲೇಸ್’ ಒತ್ತಬೇಕು. ಕಳ್ಳ ಕೀಲಿಸಂಖ್ಯೆ ಹುಟ್ಟಿಸುವ ಕೀಜೆನ್ ತೆರೆದ ಕೂಡಲೇ ಹೊರಡುವ ಪೀಪೀ ಸಂಗೀತವನ್ನು ಆಫೀಸಿನವರೆಲ್ಲ ತಿರುಗಿ ನೋಡುವಷ್ಟು ಹೊತ್ತು ಕೇಳಬೇಕು. ಇಷ್ಟೆಲ್ಲ ಆದ ಮೇಲೆ ತೆರೆದುಕೊಳ್ಳುವ ವರ್ಡಿಗೆ ಇರುವ ಗೌರವ, ಸುಮ್ಮನೆ ಡೌನ್‌ಲೋಡ್ ಮಾಡಿ ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಬಂದು ಕೂರುವ, ವರ್ಡಿನದೇ ಕೆಲಸ ಮಾಡುವ ಬಿಟ್ಟಿ ಲಿಬ್ರೆ ಆಫೀಸಿಗೆ ಎಲ್ಲಿಂದ ಬರಬೇಕು?

ಹೀಗೆ ಹಾಕಿಕೊಂಡವರೇ ಸಂಜೆ ಕಾಫಿ ಕುಡಿಯುತ್ತಾ ಹೇಳುತ್ತಾರೆ: “ಓಪನ್ ಸೋರ್ಸಾ? ಅದು ಸೇಫ್ ಅಲ್ಲ ಕಣ್ರೀ. ಯಾರು ಬೇಕಾದ್ರೂ ಒಳಗಡೆ ಏನು ಬೇಕಾದ್ರೂ ಬರೀಬಹುದಂತೆ.” ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶದ ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು, ನಿಜ. ಬರೆದದ್ದು ಒಳಗೆ ಸೇರಬೇಕಾದರೆ ನಾಲ್ಕು ಜನ ನೋಡಿ ಒಪ್ಪಬೇಕು. ಇವರು ನಿನ್ನೆ ರಾತ್ರಿ ರಿಪ್ಲೇಸ್ ಒತ್ತಿದರಲ್ಲ, ಆ ಫೈಲಿನ ಒಳಗೆ ಏನಿದೆ ಎಂದು ಓದಿದವರು ಮಾತ್ರ ಭೂಮಿಯ ಮೇಲೆ ಒಬ್ಬರೂ ಸಿಗುವುದಿಲ್ಲ.

ನಾವೇನು ಫ್ರೀ ಎಂದರೆ ಮೂಗು ಮುರಿಯುವ ಜನವಲ್ಲ. ಆಷಾಢದ ಸೇಲಿನಲ್ಲಿ ಎರಡು ಷರ್ಟಿನ ಜೊತೆ ಬರುವ ಮೂರನೆಯದರ ಕಾಲರ್ ಅಳತೆಯನ್ನೂ ನೋಡದೆ ಕಂಕುಳಲ್ಲಿ ಇರುಕಿಕೊಂಡು ಬರುತ್ತೇವೆ. ಸಾಫ್ಟ್‌ವೇರ್ ವಿಷಯಕ್ಕೆ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಗುಣಮಟ್ಟ, ಭದ್ರತೆ, ಸಪೋರ್ಟ್ ಮುಂತಾದ ಚಿಂತೆಗಳು ಶುರುವಾಗುತ್ತವೆ. ಸಪೋರ್ಟ್ ಅಂತೆ! ಕ್ರ್ಯಾಕ್ ವರ್ಡ್ ಕೈಕೊಟ್ಟಾಗ ಇವರು ಯಾವ ಸಪೋರ್ಟಿಗೆ ಫೋನ್ ಮಾಡುತ್ತಾರೋ ನನಗೆ ತಿಳಿಯದು.

ಒಂದು ಅಪವಾದ ಇದೆ. ಮದುವೆ ವಿಡಿಯೋದ ಪೆನ್‌ಡ್ರೈವ್ ಬರುತ್ತದೆ. ಕಂಪ್ಯೂಟರಿನ ಜೊತೆ ಬಂದ ಪ್ಲೇಯರ್ ಈ ವಿಡಿಯೋ ಬಿಡಿಸುವ ಕೋಡೆಕ್ ಇಲ್ಲ ಎನ್ನುತ್ತದೆ. ಆಗ ಎಲ್ಲರೂ ಒಂದೇ ದನಿಯಲ್ಲಿ “ಆ ಕೋನ್ ಇರೋದು ಹಾಕ್ರೀ” ಎನ್ನುತ್ತಾರೆ. ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಹೊತ್ತ ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ್ದು. 2001ರಿಂದ ಮುಕ್ತ ಪರವಾನಗಿಯಲ್ಲಿದೆ. ಧಾರೆಯಿಂದ ಬೀಗರೂಟದವರೆಗೆ ಎಲ್ಲವನ್ನೂ ಅದು ತಕರಾರಿಲ್ಲದೆ ತೋರಿಸುತ್ತದೆ. ಅದು ಓಪನ್ ಸೋರ್ಸ್ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನ ತೆಗೆದುಹಾಕುತ್ತಾರೆ.

ಈಗ ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಸೆಂಟರಿಗೆ ಬನ್ನಿ. ಕನ್ನಡದ ಕರೆಯೋಲೆ, ಕ್ರಯಪತ್ರ, ಶ್ರದ್ಧಾಂಜಲಿ, ಸ್ಮರಣ ಸಂಚಿಕೆ, ಎಲ್ಲವೂ ಹುಟ್ಟುವುದು ಇಲ್ಲೇ. ಅಂಗಡಿಯಲ್ಲಿ ಎರಡು ಕಂಪ್ಯೂಟರ್. ಹೊಸದು ಗಿರಾಕಿಗಳಿಗೆ ತೋರಿಸಲು, ಹಳೆಯದು ಕೆಲಸ ಮಾಡಲು. ಹಳೆಯದರಲ್ಲಿ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಪುಟ ಜೋಡಿಸುವ, ಅಡೋಬಿ ಕಂಪನಿಯ ಪೇಜ್‌ಮೇಕರ್ 7. ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಕನ್ನಡ ಅಕ್ಷರಗಳ ಬೀಗದಕೈಯಂಥ ಡಾಂಗಲ್ ಚುಚ್ಚಿದೆ, ಅದಕ್ಕೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿದೆ. ಕಸ ಗುಡಿಸುವಾಗ ಡಾಂಗಲ್ ಸ್ವಲ್ಪ ಅಲುಗಿದರೂ ಆ ದಿನ ತಾಲ್ಲೂಕಿನಲ್ಲಿ ಕನ್ನಡ ನಿಂತಂತೆ.

ಪೇಜ್‌ಮೇಕರ್ 7 ಹೊರಬಂದದ್ದು 2001ರಲ್ಲಿ. ಅದೇ ಕೊನೆಯ ಆವೃತ್ತಿ. 2004ಕ್ಕೆ ಕಂಪನಿಯೇ ಅದರ ಕೆಲಸ ನಿಲ್ಲಿಸಿತು. ಎಕ್ಸ್‌ಪಿಗೆ 2014ರಲ್ಲಿ ಸುರಕ್ಷತಾ ಅಪ್‌ಡೇಟುಗಳು ನಿಂತವು. ಹೆತ್ತವರೇ ತಿಥಿ ಮಾಡಿ ಮುಗಿಸಿದ ಎರಡು ಜೀವಗಳನ್ನು ನಮ್ಮ ಅಂಗಡಿಯವರು ಇನ್ನೂ ದುಡಿಸಿಕೊಳ್ಳುತ್ತಿದ್ದಾರೆ. ಇದನ್ನು ಜಿಪುಣತನ ಎನ್ನಬೇಡಿ, ನಿಷ್ಠೆ ಎನ್ನಿ.

ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಹಳೆಯ ಪೇಜ್‌ಮೇಕರ್ ಫೈಲಿನಲ್ಲಿತ್ತು. ಹಳೆಯ ಯಂತ್ರಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸುಟ್ಟುಹೋಗಿತ್ತು. ಹೊಸ ಯಂತ್ರದಲ್ಲಿದ್ದ ಪುಟವಿನ್ಯಾಸದ ಇನ್‌ಡಿಸೈನ್, ಅದೇ ಅಡೋಬಿ ಮನೆಯ ಕೂಸಾದರೂ, ‘ಸಿಸಿ’ ಎಂಬ ಹೊಸ ಆವೃತ್ತಿಗಳಿಂದೀಚೆಗೆ ಪೇಜ್‌ಮೇಕರ್ ಫೈಲುಗಳನ್ನು ತೆರೆಯುವುದಿಲ್ಲ. ಲಿಬ್ರೆ ಆಫೀಸಿನ ಚಿತ್ರ ಬಿಡಿಸುವ ಭಾಗವಾದ ಡ್ರಾ ತೆರೆಯುತ್ತದೆ. 2015ರ 4.4 ಆವೃತ್ತಿಯಿಂದಲೇ ತೆರೆಯುತ್ತದೆ. ಕಂಪನಿ ಕೈಬಿಟ್ಟ ಕಡತಗಳು ಯಾರೂ ಓದಲಾಗದೆ ಕೊಳೆಯಬಾರದು ಎಂದು, ಅದರ ಒಳರಚನೆಯನ್ನು ಒಂದಷ್ಟು ಜನ ಬಿಡಿಸಿ ಬಿಡಿಸಿ ನೋಡಿ ಬರೆದ ಕೋಡ್ ಅದು. ತೆರೆದೆವು. ಪುಟಗಳು ಬಂದವು, ಸ್ಥಾಪಕ ಅಧ್ಯಕ್ಷರ ಭಾವಚಿತ್ರದ ಚೌಕಟ್ಟು ಒಂದಿಷ್ಟು ಪಕ್ಕಕ್ಕೆ ಜರುಗಿತ್ತು, ಅಷ್ಟೆ.

ಅಂಗಡಿಯ ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಓಪನ್ ಆಯ್ತು, ಸರಿ ಸಾರ್. ಆದ್ರೆ ಫ್ರೀ ಅಲ್ವಾ? ಎಷ್ಟು ದಿನ ಬಾಳಿಕೆ ಬರತ್ತೆ?”

ಪುಟಗಳೇನೋ ಬಂದವು, ಅದರಲ್ಲಿದ್ದ ಕನ್ನಡ ಬಂದಿರಲಿಲ್ಲ. ಇದು ಇನ್ನೊಂದು ಪುರಾಣ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟುಗಳಲ್ಲಿ ಅಕ್ಷರ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಿ. ಮೊದಲಿಗೆ ಇಂಗ್ಲಿಷಿನ ಪಿ. ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ಎ. ನಡುವಿನ ‘ನ’ಕಾರದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಗುರುತು, ಅದರ ಒತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ಎಸ್. ನವೆಂಬರಿನಲ್ಲಿ ಬಾವುಟ ಹಿಡಿದು ಓಡಾಡುವವರು ಯಾರೂ ಈ ಪೌಂಡಿನ ಬಗ್ಗೆ ಧರಣಿ ಕೂತದ್ದನ್ನು ನಾನು ಕಂಡಿಲ್ಲ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಯೂನಿಕೋಡ್ ಬಳಸಿ ಎಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿಯೂ ಹತ್ತು ವರ್ಷ ದಾಟಿದೆ. ‘ನುಡಿ’ಯಲ್ಲೂ ಅದರಂಥದೇ ಇನ್ನೊಂದು ತಂತ್ರಾಂಶವಾದ ‘ಬರಹ’ದಲ್ಲೂ ಆ ಆಯ್ಕೆ ಎಂದೋ ಬಂದಿದೆ. ತಂತ್ರಾಂಶ ಮಾಡಿದವರನ್ನು ಬೈದು ಪ್ರಯೋಜನವಿಲ್ಲ. ಆದೇಶದ ಪ್ರತಿಯನ್ನೇ ಹಳೆಯ ಫಾಂಟಿನಲ್ಲಿ ಟೈಪ್ ಮಾಡುವ ಬೆರಳುಗಳನ್ನು ಯಾರು ಅಪ್‌ಡೇಟ್ ಮಾಡಬೇಕು? ಆ ಪೌಂಡುಗಳನ್ನು ಮತ್ತೆ ಕನ್ನಡಕ್ಕೆ ತರುವ ಪರಿವರ್ತಕವನ್ನೂ ಕನ್ನಡದ ಹುಡುಗರೇ ಬರೆದು, ಕೋಡ್ ಸಮೇತ ಬಿಟ್ಟಿದ್ದಾರೆ. ಸ್ಮರಣ ಸಂಚಿಕೆಯ ಮುನ್ನುಡಿ ಅದರಿಂದಲೇ ಕನ್ನಡವಾಯಿತು. ಯಜಮಾನರು ಕೇಳಿದ್ದು ಒಂದೇ ಮಾತು: “ಇದೂ ಫ್ರೀನಾ?” ದನಿಯಲ್ಲಿ ಕನಿಕರವಿತ್ತು.

ಫ್ಲೆಕ್ಸಿನವರದು ಇನ್ನೂ ಒಂದು ಕೈ ಮೇಲು. ಸರ್ಕಲ್ಲಿನಲ್ಲಿ ಇಪ್ಪತ್ತು ಅಡಿ ಎತ್ತರದ ಫ್ಲೆಕ್ಸ್, ಅದರಲ್ಲಿ ‘ಕರ್‌ನಾಟಕ ರಾಜ್‌ಯೋತ್‌ಸವದ ಹಾರ್‌ದಿಕ ಶುಭಾಶಯಗಳು’. ಒತ್ತುಗಳೆಲ್ಲ ಕೆಳಗಿಳಿಯಲು ಒಪ್ಪದೆ ಸಾಲಿನಲ್ಲೇ ನಿಂತುಬಿಟ್ಟಿವೆ. ಶುಭ ಕೋರುವವರ ಮೂವತ್ತು ಮುಖಗಳು ಮಾತ್ರ ಒಂದೂ ಮುರಿಯದೆ ಸ್ಪಷ್ಟವಾಗಿವೆ. ಕಾರಣ ಸರಳ. ಫೋಟೋಶಾಪಿನಲ್ಲಿ ಬಹುಕಾಲ ಭಾರತೀಯ ಲಿಪಿ ಸರಿಯಾಗಿ ಮೂಡಬೇಕಾದರೆ ಪ್ರಿಫರೆನ್ಸಸ್ ಒಳಗೆ ಹೊಕ್ಕು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂಬುದನ್ನು ಆರಿಸಬೇಕಿತ್ತು. ಮಂಡ್ಯದಲ್ಲಿ ಕೂತು ಕನ್ನಡ ಬರೆಯಲು ಮಧ್ಯಪ್ರಾಚ್ಯಕ್ಕೆ ಹೋಗಿಬರುವ ತಾಳ್ಮೆ ಯಾರಿಗಿದೆ? ಅದೇ ಹೊತ್ತಿನಲ್ಲಿ ಯಾರೂ ಕೇಳದ, ಚಿತ್ರ ಬಿಡಿಸುವ ಮುಕ್ತ ತಂತ್ರಾಂಶ ಇಂಕ್‌ಸ್ಕೇಪ್ ಯಾವ ಪ್ರವಾಸವೂ ಇಲ್ಲದೆ ಒತ್ತನ್ನು ಒತ್ತಿನ ಜಾಗದಲ್ಲಿ, ಅರ್ಕಾವೊತ್ತನ್ನು ಅದರ ಜಾಗದಲ್ಲಿ ಕೂರಿಸುತ್ತಿತ್ತು.

ಅದನ್ನು ಕೂರಿಸುವ ಕೆಲಸಗಾರನ ಹೆಸರು ಹಾರ್ಫ್‌ಬಜ್. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಮುಂದಾಳಾಗಿ ಕಟ್ಟಿದ ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್, ಎಲ್ಲದರ ಹೊಟ್ಟೆಯಲ್ಲೂ ಅದೇ. ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ಈಗಷ್ಟೇ ‘ಅರ್ಕಾವೊತ್ತು’ ಎಂಬ ಪದದ ಎರಡು ಗಂಟುಗಳನ್ನು ನಿಮಗಾಗಿ ಬಿಡಿಸಿದ್ದು ಅದು. ದುಬಾರಿ ಪುಟವಿನ್ಯಾಸದ ಕಂಪನಿಯೂ ಕೊನೆಗೆ ಇದನ್ನೇ ತನ್ನ ಇನ್‌ಡಿಸೈನ್ ಒಳಗೆ ತಂದು ಕೂರಿಸಿಕೊಂಡಿತು. ನಮ್ಮ ಫ್ಲೆಕ್ಸಿನವರು ಈಗ ಖುಷಿಯಾಗಿದ್ದಾರೆ: ಬಿಟ್ಟಿ ಸಿಗುವಾಗ ಬೇಡವೆಂದದ್ದು ಕ್ರ್ಯಾಕ್ ಮೂಲಕ ಬಂದಿದೆ.

ಫೋಟೋಶಾಪಿನ ಬದಲಿಗೆ ಇರುವ ಮುಕ್ತ ತಂತ್ರಾಂಶ ಗಿಂಪ್ ಬಗ್ಗೆ ಅವರು ವಾದಕ್ಕೆ ನಿಂತರೆ ನಾನು ಎದ್ದುಹೋಗುತ್ತೇನೆ. ಪ್ರೆಸ್ಸಿಗೆ ಬೇಕಾದ, ನಾಲ್ಕು ಶಾಯಿಗಳ ಬಣ್ಣಪದ್ಧತಿ ಸಿಎಂವೈಕೆ ವಿಷಯದಲ್ಲಿ ಅದು ವರ್ಷಗಟ್ಟಲೆ ಕೈಕಟ್ಟಿ ನಿಂತಿತ್ತು. ಅಚ್ಚಿನವರ ಸಿಟ್ಟು ನ್ಯಾಯವೇ. ಆದರೆ ಅವರ ತಕರಾರು ಸಿಎಂವೈಕೆ ಅಲ್ಲವಲ್ಲ. “ಕಾಸಿಲ್ಲದ್ದು ಕಣ್ರೀ” ಎನ್ನುವುದೇ ತಕರಾರು.

ಸರ್ಕಾರಿ ಕಚೇರಿಯ ಕಥೆ ಬೇರೆ. ಅಲ್ಲಿ ಕ್ರ್ಯಾಕ್ ನಡೆಯುವುದಿಲ್ಲ (ನಡೆಯುವುದಿಲ್ಲ ಎಂದಿಟ್ಟುಕೊಳ್ಳೋಣ). ಅಲ್ಲಿ ಎಲ್ಲಕ್ಕೂ ಬಿಲ್ ಬೇಕು, ಮುಕ್ತ ತಂತ್ರಾಂಶದ ದೊಡ್ಡ ದೋಷವೇ ಅದಕ್ಕೆ ಬಿಲ್ ಇಲ್ಲದಿರುವುದು. ಕೇಂದ್ರ ಸರ್ಕಾರ 2015ರಲ್ಲೇ ಒಂದು ನೀತಿ ತಂದಿದೆ. ಇ-ಆಡಳಿತದ ಟೆಂಡರುಗಳಲ್ಲಿ ಓಪನ್ ಸೋರ್ಸನ್ನೂ ಪರಿಗಣಿಸಬೇಕು, ಬೇಡವೆಂದರೆ ಏಕೆ ಬೇಡ ಎಂದು ಕಾರಣ ಕೊಡಬೇಕು. ಕಾರಣಕ್ಕೇನು ಬರವೇ? ‘ಹಾಲಿ ಪದ್ಧತಿಯಂತೆ’ ಎಂಬ ಎರಡು ಪದ ಬರೆದರೆ ಯಾವ ಕಡತವೂ ಮುಂದಿನ ಟೇಬಲ್ಲಿಗೆ ಹೋಗುತ್ತದೆ. ಪರಿಚಯದ ಸೂಪರಿಂಟೆಂಡೆಂಟರನ್ನು ಕೇಳಿದೆ, ಲಿಬ್ರೆ ಆಫೀಸ್ ಯಾಕೆ ಹಾಕಬಾರದು ಎಂದು. ಅವರು ನನ್ನನ್ನು ಕೂರಿಸಿ, ಟೀ ತರಿಸಿ, ಮಗುವಿಗೆ ಹೇಳುವಂತೆ ಹೇಳಿದರು:

“ನೋಡಿ ಸಾರ್, ಮಾರ್ಚ್ ಒಳಗೆ ಅನುದಾನ ಖರ್ಚಾಗ್ಬೇಕು. ಇಲ್ದಿದ್ರೆ ಲ್ಯಾಪ್ಸು. ನೀವು ಹೇಳೋದು ಸೊನ್ನೆ ರೂಪಾಯಿ. ಸೊನ್ನೇನ ನಾನು ಯಾವ ಹೆಡ್ಡಲ್ಲಿ ತೋರಿಸ್ಲಿ? ಮೂರು ಕೊಟೇಶನ್ ಕರೀಬೇಕು. ಸೊನ್ನೆ, ಸೊನ್ನೆ, ಸೊನ್ನೆ ಅಂತ ಮೂರು ಬಂದ್ರೆ ಎಲ್ಲಕ್ಕಿಂತ ಕಡಿಮೆ ರೇಟಿನ ಎಲ್‌ವನ್ ಯಾರು? ಆಡಿಟ್‌ನೋರು ಕೇಳೋದು ಮೊದ್ಲು ಅದನ್ನೇ.”

ನನ್ನ ಬಳಿ ಉತ್ತರವಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಓಡುತ್ತಿರುವ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನಲ್ಲಿ ವಿಂಡೋಸಿನ ಜಾಗದಲ್ಲಿ ಇರುವುದೂ ಮುಕ್ತ ತಂತ್ರಾಂಶವಾದ ಲಿನಕ್ಸೇ, 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ ಬೇರೆಯದಕ್ಕೆ ಜಾಗವೇ ಇಲ್ಲ ಎಂದೆ. ಅವರು ತಲೆದೂಗಿದರು. “ಅದು ಸೈಂಟಿಸ್ಟುಗಳಿಗೆ ಸರಿ ಸಾರ್. ನಮಗೆ ಮೆಮೋ ಟೈಪ್ ಮಾಡ್ಬೇಕಲ್ಲ, ಅಷ್ಟು ಲೋಡ್ ತಡ್ಕೊಳತ್ತಾ?”

ಪಕ್ಕದ ಕೇರಳದವರಿಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ, ಪಾಪ. ಸರ್ಕಾರಿ ಶಾಲೆಗಳ ಐಟಿ ಪಾಠವನ್ನು ಅವರು ಎಂದೋ ಲಿನಕ್ಸಿಗೆ ತಂದುಬಿಟ್ಟರು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಮುಕ್ತ ತಂತ್ರಾಂಶದ ಪಾಠವನ್ನು ಕನ್ನಡದಲ್ಲಿ ಓದುತ್ತಾರೆ. ಗಡಿಯಿಂದ ಈಚೆ ಬಂದರೆ ಅದೇ ವಯಸ್ಸಿನ ಮಕ್ಕಳು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಯುವ ಮೊದಲ ಪಾಠ ‘ದಿಸ್ ಕಾಪಿ ಆಫ್ ವಿಂಡೋಸ್ ಈಸ್ ನಾಟ್ ಜೆನ್ಯೂಯಿನ್’ ಎಂಬ ಕಿಟಕಿಯನ್ನು ಮುಚ್ಚುವುದು. ಕಾಸರಗೋಡು ಕೈತಪ್ಪಿದ್ದಕ್ಕೆ ಈಗಲೂ ಕೊರಗುವವರು ಇದೊಂದು ವಿಷಯದಲ್ಲಿ ಸ್ವಲ್ಪ ತಡೆದು ಕೊರಗುವುದು ಒಳ್ಳೆಯದು.

ಪರಿಹಾರವನ್ನು ಕೊನೆಗೆ ಕಂಡುಹಿಡಿದವನು ಡಿಟಿಪಿ ಸೆಂಟರಿನ ಕೆಲಸದ ಹುಡುಗ. ಸ್ಮರಣ ಸಂಚಿಕೆಯ ಪ್ರಸಂಗವನ್ನು ಮೂಲೆಯಲ್ಲಿ ಲ್ಯಾಮಿನೇಷನ್ ಮಾಡುತ್ತಾ ಅವನು ನೋಡಿದ್ದ. ಈಗ ಲ್ಯಾಪ್‌ಟಾಪ್ ಹಿಡಿದು ಬಂದವರಿಗೆಲ್ಲ ಲಿಬ್ರೆ ಆಫೀಸ್ ಹಾಕಿ, ಐಕಾನಿನ ಹೆಸರನ್ನು ‘ಆಫೀಸ್ ಪ್ರೊ ಫುಲ್ ವರ್ಷನ್’ ಎಂದು ಬದಲಿಸಿ, ದನಿ ತಗ್ಗಿಸಿ ಹೇಳುತ್ತಾನೆ: “ಇದು ಕ್ರ್ಯಾಕ್ ಮಾಡಿರೋದು. ಹೊರಗಡೆ ಹನ್ನೆರಡು ಸಾವಿರ. ನಿಮಗೆ ಅಂತ ಐನೂರು. ಯಾರಿಗೂ ಹೇಳ್ಬೇಡಿ.” ಹಣ ತೆಗೆದುಕೊಳ್ಳಲು ಅದರ ಪರವಾನಗಿಯಲ್ಲಿ ಅಡ್ಡಿಯಿಲ್ಲ, ಸುಳ್ಳು ಹೇಳಲು ಇದೆಯೇ ಎಂದು ಅವನು ಓದಿಲ್ಲ. ಜನ ಸಾಲುಗಟ್ಟಿದ್ದಾರೆ. ಕಳೆದ ವಾರ ನಾನು ಅಲ್ಲಿದ್ದಾಗ ಅವನಿಗೆ ಒಂದು ಫೋನ್ ಬಂತು. ಸ್ಪೀಕರ್ ಹಾಕಿಕೊಂಡೇ ಮಾತಾಡಿದ.

“ತಮ್ಮಾ, ಬಹಳ ಚೆನ್ನಾಗಿ ಓಡ್ತಿದೆ ಕಣಪ್ಪ, ಹಳೇ ಫೈಲೆಲ್ಲ ತೆಗೀತಿದೆ. ಈಗ ಏನೋ ಅಪ್‌ಡೇಟ್ ಬಂದಿದೆ ಅಂತಿದೆ. ಒತ್ತಿದ್ರೆ ಲಾಕ್ ಆಗಿಬಿಡತ್ತಾ?”

“ಅಯ್ಯೋ, ಮುಟ್ಟಬೇಡಿ ಮೇಷ್ಟ್ರೇ. ಅಂಗಡಿಗೆ ತನ್ನಿ. ನೂರು ರೂಪಾಯಿ ಆಗತ್ತೆ, ನಾನೇ ಒತ್ತಿಕೊಡ್ತೀನಿ.”