ಹಸು ತಂದೆವು, ಬ್ರಷ್ ತರಲಿಲ್ಲ

ಹೋದ ವಾರ ಫೋನಿನಲ್ಲಿ ಅಮ್ಮ ಹೇಳಿದರು, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಮೈ ಉಜ್ಜಿ ಉಜ್ಜಿ ಕೊಟ್ಟಿಗೆ ಕಂಬ ಅಲ್ಲಾಡಿಸಿಬಿಟ್ಟಿದೆ, ಅಣ್ಣ ಎರಡು ಬಾರಿಸಿ ಹಗ್ಗ ಇನ್ನೂ ಗಿಡ್ಡ ಮಾಡಿ ಕಟ್ಟಿದ್ದಾನೆ ಅಂತ. ಕೇಳಿ ಸಂಕಟವಾಯಿತು. ನಮ್ಮೂರು ಮೂಡಿಗೆರೆ ಹತ್ತಿರ. ನಾನೀಗ ಇರುವುದು ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್‌ನಲ್ಲಿ, ಅಂದರೆ ಆ ಕಪ್ಪು-ಬಿಳಿ ಹಸುಗಳ ತವರಿನಲ್ಲೇ.

ಇಲ್ಲಿ ಕೊಟ್ಟಿಗೆಗಳಲ್ಲಿ ದಪ್ಪನೆಯ ಬ್ರಷ್ ತೂಗುಹಾಕಿರುತ್ತಾರೆ. ಹಸು ಬೆನ್ನು ತಾಗಿಸಿದರೆ ತಾನೇ ತಿರುಗುತ್ತದೆ, ಪಕ್ಕಕ್ಕೆ ಸರಿದರೆ ನಿಲ್ಲುತ್ತದೆ. ಒಂದು ಹಸು ಅರೆಗಣ್ಣು ಮುಚ್ಚಿ, ಕತ್ತು ಚಾಚಿ ನಿಂತಿದ್ದರೆ ಹಿಂದೆ ಇನ್ನೊಂದು ಕಾಯುತ್ತಿರುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಭಾರ ಕಟ್ಟಿದ ಗೇಟು ತಳ್ಳಿದರೆ ಮಾತ್ರ ಬ್ರಷ್ ಸಿಗುವ ಹಾಗೆ ಮಾಡಿ ನೋಡಿದ್ದರು. 2018ರಲ್ಲಿ ಅದು ಪ್ರಕಟವಾಯಿತು. ಹೊಸ ಮೇವಿಗಾಗಿ ಎಷ್ಟು ಭಾರ ತಳ್ಳಿದವೋ, ಬ್ರಷ್‌ಗಾಗಿಯೂ ಹಸುಗಳು ಹೆಚ್ಚುಕಮ್ಮಿ ಅಷ್ಟೇ ತಳ್ಳಿದವು! ತುರಿಸಿಕೊಳ್ಳುವುದು ಅದಕ್ಕೆ ಊಟದಷ್ಟೇ ಬೇಕು ಅಂತಾಯಿತು ಅಲ್ವಾ?

ನಾಲಿಗೆ ಎಷ್ಟೇ ಉದ್ದ ಇದ್ದರೂ ತನ್ನ ತಲೆ, ಕತ್ತು ತನಗೇ ಎಟುಕುವುದಿಲ್ಲ. ಅದಕ್ಕೇ ಬಿಟ್ಟು ಮೇಯುವ ದನಗಳು ಒಂದರ ಕತ್ತನ್ನು ಇನ್ನೊಂದು ನೆಕ್ಕುತ್ತವೆ, ಮರಕ್ಕೆ ಉಜ್ಜಿಕೊಂಡು ಉಣುಗು, ಉದುರುಗೂದಲು ಕಳೆದುಕೊಳ್ಳುತ್ತವೆ. ಇಡೀ ದಿನ ಗಿಡ್ಡ ಹಗ್ಗದಲ್ಲಿ ಒಂಟಿಯಾಗಿ ಕಟ್ಟಿದ ಹಸುವಿಗೆ ಕಂಬ ಬಿಟ್ಟರೆ ಇನ್ನೇನಿದೆ? ನಾವು ಅದಕ್ಕೆ ಕೊಬ್ಬು ಅನ್ನುತ್ತೇವೆ.

ಬಟ್ಟೆ ಅಗಿಯುವುದೂ ಹಾಗೇ. ತಂತಿ ಮೇಲಿನ ಸೀರೆ ಸೆರಗು ಎಳೆದರೆ ದೊಣ್ಣೆ ತರುತ್ತೇವೆ. ಬಟ್ಟೆ, ಮೂಳೆ ಅಗಿಯುವ ಹಸುವಿಗೆ ಹೆಚ್ಚಾಗಿ ಉಪ್ಪೋ ರಂಜಕವೋ ಸಾಲದೆ ಬಂದಿರುತ್ತದೆ. ಹೋರಿ ಗಂಜಲ ಮೂಸಿ ಮೇಲ್ತುಟಿ ಎತ್ತಿ ನಿಂತರೆ ನಗುತ್ತೇವೆ. ಅಂಗುಳದ ಮೇಲೆ ವಾಸನೆ ಹಿಡಿಯುವ ಇನ್ನೊಂದು ಅಂಗ ಇದೆ, ಹಸು ಬೆದೆಗೆ ಬಂದಿದೆಯಾ ಅಂತ ಹೋರಿ ಅದರಿಂದ ತಿಳಿದುಕೊಳ್ಳುತ್ತದೆ.

ತಳಿ ತಂದೆವು, ದಿನಕ್ಕೆ ಎಷ್ಟು ಲೀಟರ್ ಅನ್ನುವ ಲೆಕ್ಕ ತಂದೆವು. ಉಳಿದದ್ದು ತರಲಿಲ್ಲ. ಕರೆಂಟ್ ಬ್ರಷ್ಷೇ ಆಗಬೇಕಿಲ್ಲ. ಗಟ್ಟಿ ಪೊರಕೆಯೊಂದನ್ನು ಕಂಬಕ್ಕೆ ಬಿಗಿದು, ಗೋದಲಿ ಪಕ್ಕ ನೆಕ್ಕುವ ಉಪ್ಪಿನ ಇಟ್ಟಿಗೆ ಕಟ್ಟಿ, ಹಗ್ಗ ಎರಡು ಮೊಳ ಸಡಿಲ ಬಿಟ್ಟರೂ ಎಷ್ಟೋ ಆಯಿತು.

ಒಂದು ಮಾತು ಒಪ್ಪಲೇಬೇಕು. ಇಲ್ಲಿ ಬಹುತೇಕ ಡೈರಿಗಳಲ್ಲಿ ಕರು ಹುಟ್ಟಿದ ಒಂದೇ ದಿನದೊಳಗೆ ತಾಯಿಯಿಂದ ಬೇರೆ ಮಾಡುತ್ತಾರೆ, ಎರಡೂ ಕಿವಿಗೆ ನಂಬರ್ ಹೊಡೆಯುತ್ತಾರೆ. ಅದನ್ನು ನೋಡಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಮೊದಲು ಕರು ಬಿಟ್ಟು ಆಮೇಲೆ ಹಾಲು ಕರೆಯುವುದು, ಒಂದು ಮೊಲೆ ಕರುವಿಗೇ ಉಳಿಸುವುದು. ಅಮ್ಮ ‘ಗೌರೀ’ ಎಂದು ಕೂಗಿದರೆ ತೋಟದಾಚೆಯಿಂದ ಓಗೊಡುವ ಮಲೆನಾಡು ಗಿಡ್ಡದ ಹಸು ಇಲ್ಲಿ ಎಲ್ಲಿ ಸಿಗಬೇಕು? ಇಷ್ಟು ಪ್ರೀತಿ ಇರುವ ಮನೆಯಲ್ಲೇ ತುರಿಕೆಗೆ ಏಟು ಬೀಳುತ್ತದಲ್ಲ, ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ.